ರಂಧ್ರದ ಕಥೆ ಎಲ್ಲಿ?

ಪ್ರಿಯ ಲೇಖಕರೇ,

ಸರಂಧ್ರ ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಗಳಿಂದ ಮಾಡಿದ ರಂಧ್ರಭರಿತ ವೇಗವರ್ಧಕ (ಆಮ್ಲಜನಕದ ಕ್ರಿಯೆಯನ್ನು ಚುರುಕಾಗಿಸುವ ವಸ್ತು) ಕುರಿತ ನಿಮ್ಮ ಲೇಖನ ಓದಿದೆ. ಈ ರೂಪದಲ್ಲಿ ಪ್ರಕಟಿಸಲಾರೆ. ವಿಷಯ ಗಟ್ಟಿ, ಬರಹ ಜೊಳ್ಳು.

2004ರಲ್ಲಿ ಅಂಟುಪಟ್ಟಿಯಿಂದ ಗ್ರಾಫೈಟ್ ಪದರ ಬಿಡಿಸಿದ್ದು, 2010ರ ನೊಬೆಲ್: ಮೂರರಲ್ಲೊಂದು ಭಾಗ ಈ ಪುರಾಣಕ್ಕೇ ಹೋಗಿದೆ. ಕಿತ್ತುಹಾಕಿ. 'ಗ್ರಾಂಗೆ 2630 ಚದರ ಮೀಟರ್ ಮೇಲ್ಮೈ' ಎಂದು ಬೆರಗುಪಟ್ಟಿದ್ದೀರಿ. ಅದು ಬಿಡಿಯಾಗಿ ನಿಂತ ಒಂಟಿ ಪದರದ ಲೆಕ್ಕ. ಒಣಗಿಸುವಾಗ ಹಾಳೆಗಳು ಒದ್ದೆ ಕಾಗದದಂತೆ ಒಂದಕ್ಕೊಂದು ಮೆತ್ತಿಕೊಂಡು, ಆ ಮೇಲ್ಮೈಯ ಬಹುಪಾಲು ಒಳಗೇ ಹೂತುಹೋಗುತ್ತದೆ. ರಂಧ್ರ ಬೇಕಾಗುವುದೇ ಇದಕ್ಕಾಗಿ. ಇಡೀ ಲೇಖನದಲ್ಲಿ ಈ ಮಾತೇ ಇಲ್ಲ!

'ವಿಶೇಷ ವಿಧಾನದಿಂದ ರಂಧ್ರ ಮಾಡಲಾಗುತ್ತದೆ' ಎಂದು ಬರೆದು ಮುಂದಕ್ಕೆ ಓಡಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಗ್ರಾಫೀನ್ ಆಕ್ಸೈಡ್ (ಆಮ್ಲಜನಕ ಅಂಟಿಕೊಂಡ ಗ್ರಾಫೀನ್) ಹಾಳೆಗಳ ನಡುವೆ ಸಿಲಿಕಾದ ಸೂಕ್ಷ್ಮ ಗೋಲಿಗಳನ್ನು ಸೇರಿಸಿ, ಜಡ ಅನಿಲದಲ್ಲಿ ಕಾಯಿಸಿ, ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಸಿಲಿಕಾವನ್ನು ಕರಗಿಸಿದರೆ ಗೋಲಿಯಿದ್ದ ಜಾಗ ಟೊಳ್ಳಾಗಿ ಉಳಿಯುತ್ತದೆ. (ಆ ಆಮ್ಲ ಎಷ್ಟು ಅಪಾಯಕಾರಿ ಎಂಬುದನ್ನೂ ಹೇಳಿ.) ಇನ್ನೊಂದು ದಾರಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸುವುದು, ಅದು ಇಂಗಾಲವನ್ನೇ ತಿಂದು ರಂಧ್ರ ಕೊರೆಯುತ್ತದೆ. ಅವುಗಳಲ್ಲಿ ಹೆಚ್ಚಿನವು 2 ನ್ಯಾನೋಮೀಟರ್‌ಗಿಂತ ಕಿರಿದು. ಆದರೆ ಬರೀ ಕಿರುರಂಧ್ರಗಳಿದ್ದರೆ ಆಮ್ಲಜನಕ ಒಳಗೆ ತಲುಪಲು ಒದ್ದಾಡುತ್ತದೆ, ದೊಡ್ಡವೂ ಬೇಕು.

ವೇಗವರ್ಧಕ ಗುಣ ಬರಲು ಗ್ರಾಫೀನ್‌ಗೆ ಸಾರಜನಕ ಸೇರಿಸುವುದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಯೂರಿಯಾ, ಮೆಲಮಿನ್, ಅಮೋನಿಯಾ, ಯಾವುದರಿಂದಲಾದರೂ ಸೇರಿಸಬಹುದು. ಕಷ್ಟ ಇರುವುದು ಶಾಖದಲ್ಲಿ. ಹೆಚ್ಚು ಕಾಯಿಸಿದರೆ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಆದರೆ ಕಷ್ಟಪಟ್ಟು ಸೇರಿಸಿದ ಸಾರಜನಕ ಹಾರಿಹೋಗುತ್ತದೆ. ನನ್ನ ಕೇಳಿದರೆ ಲೇಖನವನ್ನು ಈ ಜಗ್ಗಾಟದಿಂದಲೇ ಶುರು ಮಾಡಿ.

ಇನ್ನು 'ಪ್ಲಾಟಿನಂಗೆ ಸರಿಸಾಟಿಯಾದ ಲೋಹರಹಿತ ವೇಗವರ್ಧಕ' ಎಂಬ ಘೋಷಣೆ. ಆಮ್ಲಜನಕದ ಅಪಕರ್ಷಣೆಯಲ್ಲಿ (ಆಮ್ಲಜನಕ ಎಲೆಕ್ಟ್ರಾನ್ ಪಡೆಯುವ ಕ್ರಿಯೆ), ಕ್ಷಾರ ದ್ರಾವಣವಾದರೆ ಇಂಥ ವಸ್ತು ಪ್ಲಾಟಿನಂಗೆ ಹತ್ತಿರ ಬರುತ್ತದೆ. ಆಮ್ಲದಲ್ಲಿ ಹಿಂದೆ ಬೀಳುತ್ತದೆ. ನೀವು ಯಾವುದರ ಮಾತಾಡುತ್ತಿದ್ದೀರಿ? 'ಲೋಹರಹಿತ' ಎಂಬುದಂತೂ ಸುಲಭದ ಮಾತಲ್ಲ. ಗ್ರಾಫೀನ್ ಆಕ್ಸೈಡ್ ತಯಾರಿಸಲು ಸಾಮಾನ್ಯವಾಗಿ ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಸುತ್ತಾರೆ. ಅದರ ಮ್ಯಾಂಗನೀಸ್ ಲೇಶ ಉಳಿದು, ಕೆಲಸ ಮಾಡುತ್ತಿರುವುದು ಅದೇ ಇರಬಹುದು. ಸಾಲದ್ದಕ್ಕೆ, ನೀವು ಕಳಿಸಿದ ಉಪಕರಣದ ಚಿತ್ರದಲ್ಲಿ ಎದುರು ವಿದ್ಯುದ್ವಾರ (ಗ್ರಾಫೀನ್‌ನ ಎದುರಿಗಿದ್ದು ವಿದ್ಯುತ್ ಮಂಡಲ ಪೂರ್ತಿಗೊಳಿಸುವುದು) ಪ್ಲಾಟಿನಂ ತಂತಿ. ಅದು ಕರಗಿ ಗ್ರಾಫೀನ್ ಮೇಲೆ ಕೂರುವುದುಂಟು, ಆಗ ಕೆಲಸ ಮಾಡುವುದು ಪ್ಲಾಟಿನಂ ಇರಬಹುದು. ಗ್ರಾಫೈಟ್ ಕಡ್ಡಿ ಇಟ್ಟು ಮಾಡಿದ ಅಳತೆ ಇದೆಯೇ ಎಂದು ಪ್ರಯೋಗ ಮಾಡಿದವರನ್ನು ವಿಚಾರಿಸಿ. ಇಲ್ಲದಿದ್ದರೆ ಆ 'ಪ್ಲಾಟಿನಂಗೆ ಸರಿಸಾಟಿ' ವಾಕ್ಯ ತೆಗೆದು ಲೇಖನ ಕಳಿಸಿ.

ಸಂಪಾದಕ