ಉಸಿರಿಗಾಗಿ ಬಿಟ್ಟದ್ದು, ಮನಸ್ಸಿಲ್ಲದೆ ಬಿಟ್ಟದ್ದು

ವಸುಧಾ (ಹೆಸರು ಮತ್ತು ಗುರುತಿನ ವಿವರಗಳನ್ನು ಬದಲಿಸಿದ್ದೇನೆ) ನನ್ನ ಬಳಿ ಆಪ್ತಸಮಾಲೋಚನೆಗೆ ಬಂದದ್ದು ಶ್ವಾಸಕೋಶ ತಜ್ಞರ ಸೂಚನೆಯ ಮೇರೆಗೆ. ವಯಸ್ಸು 38, ಚಿಕ್ಕಂದಿನಿಂದಲೂ ಆಸ್ತಮಾ. ಔಷಧಿ ಬದಲಿಸಿದರೂ, ಪ್ರಮಾಣ ಹೆಚ್ಚಿಸಿದರೂ ಕಾಯಿಲೆ ಹಿಡಿತಕ್ಕೆ ಬರುತ್ತಿಲ್ಲ ಎಂದು ವೈದ್ಯರು ಬರೆದಿದ್ದರು.

"ಇನ್ಹೇಲರ್ ತೆಗೆದುಕೊಳ್ಳುತ್ತೀರಾ?" ಎಂದರೆ ಎಲ್ಲರೂ ಹೌದೆನ್ನುತ್ತಾರೆ. ಹಾಗಾಗಿ, ಕಳೆದ ವಾರ ಎಷ್ಟು ದಿನ ತಪ್ಪಿತು ಎಂದು ಕೇಳಿದೆ. ಉಬ್ಬಸ ಬಂದಾಗ ಬಳಸುವ ನೀಲಿ ಇನ್ಹೇಲರ್ ಸದಾ ಜೊತೆಯಲ್ಲಿತ್ತು. ಶ್ವಾಸನಾಳದ ಉರಿಯೂತ ತಗ್ಗಿಸಲು ದಿನವೂ ಸೇದಬೇಕಾದ ಸ್ಟೀರಾಯ್ಡ್ ಇನ್ಹೇಲರನ್ನು ಮಾತ್ರ ಬಿಟ್ಟು ತಿಂಗಳುಗಳಾಗಿದ್ದವು. "ದಿನಾ ಅದನ್ನು ಎಳೆದುಕೊಂಡು ಏನಾಗಬೇಕಿದೆ ಮೇಡಂ?" ಎಂದರು.

ಇಂಥ ಮಾತನ್ನು ಕೇಳಿಸಿಕೊಂಡು ಮುಂದೆ ಹೋಗುವಂತಿಲ್ಲ. ಸಾಯಬೇಕೆಂಬ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಸಾಯುವ ಸಿದ್ಧತೆಯೇನೂ ಇರಲಿಲ್ಲ. ಆದರೆ ಬೆಳಿಗ್ಗೆ ಎಚ್ಚರವಾಗದಿದ್ದರೆ ಮನೆಯವರಿಗೆ ಹೊರೆ ತಪ್ಪುತ್ತದೆ ಎಂದು ಆಗಾಗ ಅನಿಸುತ್ತಿತ್ತು. ಅವರ ಒಪ್ಪಿಗೆ ಪಡೆದು ಅಂದೇ ಪತಿಗೆ ತಿಳಿಸಿದೆವು. ಆ ಯೋಚನೆ ಬಲವಾದರೆ ಯಾರಿಗೆ ಹೇಳಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಬರೆದಿಟ್ಟುಕೊಂಡೆವು.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 16 ಅಂಕ ಬಂತು; ಅಂಕ ಹೆಚ್ಚಿದಷ್ಟೂ ಖಿನ್ನತೆ ಹೆಚ್ಚು. ಈ ಅಂಕಿಯನ್ನು ಆಸ್ತಮಾ ಇರುವವರಲ್ಲಿ ಎಚ್ಚರದಿಂದ ಓದಬೇಕು. ರಾತ್ರಿಯಿಡೀ ಕೆಮ್ಮಿದವರಿಗೆ ನಿದ್ದೆಗೇಡು, ಆಯಾಸ, ಗಮನದ ಕೊರತೆ ಇದ್ದೇ ಇರುತ್ತದೆ, ಅವೂ ಈ ಅಂಕಕ್ಕೆ ಸೇರುತ್ತವೆ. ನಾನು ನೋಡಿದ್ದು ಬೇರೆ ಎರಡು ಉತ್ತರಗಳನ್ನು: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ತಾನು ಕೆಲಸಕ್ಕೆ ಬಾರದವಳು ಎಂಬ ಭಾವ. ಅವನ್ನು ಕೆಮ್ಮಿನ ಲೆಕ್ಕಕ್ಕೆ ಹಾಕಲಾಗದು.

ಮುಂದಿನ ಭೇಟಿಯಲ್ಲಿ ಕಾಗದದ ನಡುವೆ ಗೆರೆ ಎಳೆದು, ಈಚೆಗೆ ಬಿಟ್ಟದ್ದನ್ನೆಲ್ಲ ಬರೆಯಲು ಹೇಳಿದೆ. ಉಸಿರಿಗಾಗಿ ಬಿಟ್ಟದ್ದು ಒಂದು ಕಡೆ, ಮನಸ್ಸಿಲ್ಲದೆ ಬಿಟ್ಟದ್ದು ಇನ್ನೊಂದು ಕಡೆ. ಮೆಟ್ಟಿಲು ಹತ್ತುವುದು, ಧೂಳು ಗುಡಿಸುವುದು ಮೊದಲ ಕಡೆ ಸೇರಿದವು. ಗೆಳತಿಗೆ ಫೋನ್ ಮಾಡುವುದನ್ನೂ ಅಲ್ಲೇ ಬರೆಯಹೊರಟವರು ಪೆನ್ನು ನಿಲ್ಲಿಸಿದರು. ಕುಳಿತು ಮಾತನಾಡಲು ಉಸಿರು ಅಡ್ಡಿಯಾಗಿರಲಿಲ್ಲ. ಓದು, ಕಸೂತಿ, ಮಗಳ ಜೊತೆ ಆಟ, ಎಲ್ಲವೂ ಒಂದೊಂದಾಗಿ ಎರಡನೆಯ ಕಡೆಗೆ ಬಂದವು. ಅಷ್ಟು ದಿನ ಆಸ್ತಮಾ ಎಲ್ಲ ಅಪವಾದವನ್ನೂ ಹೊತ್ತಿತ್ತು.

ಸಲಹೆ ಆ ಕಾಗದದಿಂದಲೇ ಹುಟ್ಟಿತು. ಎರಡನೆಯ ಪಟ್ಟಿಯಿಂದ ವಾರಕ್ಕೆ ಒಂದನ್ನು, ಹುಮ್ಮಸ್ಸು ಬರಲಿ ಎಂದು ಕಾಯದೆ, ಗೊತ್ತುಮಾಡಿದ ಹೊತ್ತಿಗೆ ಹತ್ತು ನಿಮಿಷ ಮಾಡುವುದು. ಸ್ಟೀರಾಯ್ಡ್ ಇನ್ಹೇಲರನ್ನು ಹಲ್ಲುಜ್ಜುವ ಬ್ರಶ್ ಪಕ್ಕದಲ್ಲಿಡುವುದು. ಸೇದಿದ ಮೇಲೆ ಹೇಗೂ ಬಾಯಿ ಮುಕ್ಕಳಿಸಬೇಕು. ಎದೆ ಬಿಗಿದಾಗ, ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆಂದು ಅಳೆಯುವ ಪೀಕ್ ಫ್ಲೋ ಮೀಟರ್ ಊದಿ ನೋಡುವುದು. ಅಂಕಿ ಕುಸಿದಿದ್ದರೆ ವೈದ್ಯರು ಬರೆದುಕೊಟ್ಟ ಯೋಜನೆಯಂತೆ ಔಷಧಿ. ಎಂದಿನಷ್ಟೇ ಇದ್ದು ಬೆರಳು ಜುಮುಗುಟ್ಟುತ್ತಿದ್ದರೆ ಗಾಬರಿ ಇರಬಹುದು, ನಿಧಾನವಾಗಿ ಉಸಿರು ಬಿಡುವುದು. ಅನುಮಾನವಿದ್ದರೆ ಆಸ್ತಮಾ ಎಂದೇ ಎಣಿಸಬೇಕು.

ತಜ್ಞರಿಗೂ ಪತ್ರ ಬರೆದೆ. ವಸುಧಾ ಆಸ್ತಮಾಕ್ಕೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆಯನ್ನೂ ನುಂಗುತ್ತಿದ್ದರು. ಆ ಔಷಧಿಯಿಂದ ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ತನ್ನ ಅತ್ಯಂತ ಕಠಿಣ ಎಚ್ಚರಿಕೆ ಹೊರಡಿಸಿದೆ. ತಾವಾಗಿಯೇ ನಿಲ್ಲಿಸಬೇಡಿ ಎಂದು ವಸುಧಾ ಅವರಿಗೆ ಹೇಳಿದೆ. ವೈದ್ಯರೇ ಪರಿಶೀಲಿಸಿ ಅದನ್ನು ಕೈಬಿಟ್ಟರು. ಮನೋವೈದ್ಯರು ಖಿನ್ನತೆಗೆ ಮಾತ್ರೆ ಆರಂಭಿಸಿದರು. ಗಾಬರಿಗೆಂದು ಪರಿಚಿತರು ಕೊಡುವ ಪ್ರೊಪ್ರನೊಲಾಲ್ ಮುಟ್ಟಬಾರದು ಎಂದೂ ಎಚ್ಚರಿಸಿದೆವು; ಅದು ಶ್ವಾಸನಾಳವನ್ನು ಬಿಗಿಸುತ್ತದೆ.

ಕೆಲವು ತಿಂಗಳ ನಂತರ ಪಿಎಚ್‌ಕ್ಯೂ-9 ಅಂಕ 8ಕ್ಕೆ ಇಳಿಯಿತು, ಸಾವಿನ ಯೋಚನೆ ಬರುತ್ತಿಲ್ಲ ಎಂದರು. ಇವುಗಳಲ್ಲಿ ಯಾವುದರಿಂದ ಎಷ್ಟು ಗುಣವಾಯಿತೆಂದು ಬಿಡಿಸಿ ಹೇಳಲಾರೆ. ಗೆಳತಿಯ ಜೊತೆ ಮಾತು ಮತ್ತೆ ಶುರುವಾಗಿದೆ. ಪತಿ ಮಾತ್ರ ಈಗಲೂ ರಾತ್ರಿ ಎದ್ದೆದ್ದು ಇವರ ಉಸಿರನ್ನು ಆಲಿಸುತ್ತಾರಂತೆ. ಮುಂದಿನ ಭೇಟಿಗೆ ಅವರನ್ನು ಪ್ರತ್ಯೇಕವಾಗಿ ಬರಹೇಳಿದ್ದೇನೆ.