ಮೊದಲು ಜೂನ್ ಸಂಬಳ ಬರಲಿ, ತಮ್ಮಾ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಟೋಕಿಯೋಗೆ ಬಂದು ನಾಲ್ಕು ತಿಂಗಳು. ಸಂಬಳ 3 ಲಕ್ಷ ಯೆನ್, ಕೈಗೆ ಬರುವುದು 2 ಲಕ್ಷ 45 ಸಾವಿರದ ಹತ್ತಿರ. ಪಕ್ಕದ ಸೀಟಿನ ಜಪಾನಿ ಹುಡುಗ ಖರ್ಚನ್ನೆಲ್ಲ ಆ್ಯಪ್‌ನಲ್ಲಿ ಇಡುತ್ತಾನೆ, ತಿಂಗಳಿಗೆ 30 ಸಾವಿರ ನೀಸಾಗೆ, ಅಂದರೆ ಲಾಭಕ್ಕೆ ತೆರಿಗೆ ಇಲ್ಲದ ಹೂಡಿಕೆ ಖಾತೆಗೆ, ಹಾಕುತ್ತಾನೆ. "ನಾನೂ ಹಾಗೇ ಮಾಡಲಾ ಅಕ್ಕಾ?" ಅಂತ ಕೇಳಿದ್ದೀಯ.

ಖರ್ಚಿನ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡು ಅವನ ಹಾಗೇ ಮಾಡು. ಹೂಡಿಕೆಯಲ್ಲಿ ಸ್ವಲ್ಪ ತಡಿ. ಅವನು ಮುದುಕನಾಗುವುದೂ ಇಲ್ಲೇ. ನೀನು ಇರುತ್ತೀಯೋ ಹೋಗುತ್ತೀಯೋ ನಿನಗೇ ಗೊತ್ತಿಲ್ಲ, ಅಲ್ವಾ?

ನಾನು ಬಂದದ್ದು 2012ರಲ್ಲಿ. ಆಗ 100 ಯೆನ್ ಅಂದರೆ 65-70 ರೂಪಾಯಿ. ಮೊದಲ ಆರು ತಿಂಗಳು ನಾನು ಮಾಡಿದ್ದು ಒಂದೇ ಕೆಲಸ, ಎಲ್ಲವನ್ನೂ ರೂಪಾಯಿಗೆ ಗುಣಿಸುವುದು. ಒಂದು ಸಂಜೆ ಸೂಪರ್ ಮಾರ್ಕೆಟ್ಟಿನಲ್ಲಿ ಹೂಕೋಸು ಕೈಯಲ್ಲಿ ಹಿಡಿದು ನಿಂತಿದ್ದೆ. 198 ಯೆನ್. "ಒಂದು ಹೂಕೋಸಿಗೆ 130 ರೂಪಾಯಿಯಾ!" ಅಂತ ವಾಪಸ್ ಇಟ್ಟೆ. ಮನೆಗೆ ಬರುವ ದಾರಿಯಲ್ಲಿ ಹಸಿವಾಯಿತು. ಕೊಂಬಿನಿಗೆ, ಅಂದರೆ ಇಲ್ಲಿ ಬೀದಿಗೊಂದಿರುವ ಸಣ್ಣ ಅಂಗಡಿಗೆ, ನುಗ್ಗಿ 600 ಯೆನ್ ಕೊಟ್ಟು ಡಬ್ಬಿ ಊಟ ತಗೊಂಡೆ. ಅದನ್ನು ಗುಣಿಸಲೇ ಇಲ್ಲ! 2024ರ ಜುಲೈ ಹೊತ್ತಿಗೆ ಅದೇ 100 ಯೆನ್ 52 ರೂಪಾಯಿ ಆಸುಪಾಸಿಗೆ ಇಳಿದಿತ್ತು. ಹಾಗಂತ ಹೂಕೋಸೇನೂ ಅಗ್ಗವಾಗಲಿಲ್ಲ. ಇಲ್ಲಿ ಗಳಿಸಿ ಇಲ್ಲಿ ತಿನ್ನುವುದನ್ನು ಯೆನ್‌ನಲ್ಲೇ ಬರೆ. ರೂಪಾಯಿ ಲೆಕ್ಕ ಊರಿಗೆ ಕಳಿಸುವ ದಿನಕ್ಕೆ ಮಾತ್ರ.

ಲೆಕ್ಕ ಬರೆಯುವುದು ನನಗೆ ಕಲಿಸಿದವಳು ಆಗಿನ ನನ್ನ ಸಹೋದ್ಯೋಗಿ, 26ರ ಹುಡುಗಿ. ಮಧ್ಯಾಹ್ನ ಊಟ ಮುಗಿದ ಮೇಲೆ ಪರ್ಸಿನಿಂದ ರಸೀದಿಗಳನ್ನೆಲ್ಲ ತೆಗೆದು, ಸುಕ್ಕು ಬಿಡಿಸಿ, ಸಣ್ಣ ಪುಸ್ತಕದಲ್ಲಿ ಬರೆಯುತ್ತಿದ್ದಳು. ಕಾಕೇಬೊ, ಅಂದರೆ ಮನೆಲೆಕ್ಕದ ಪುಸ್ತಕ. 1904ರಲ್ಲಿ ಹಾನಿ ಮೊತೊಕೊ ಅನ್ನುವ ಪತ್ರಕರ್ತೆ ಅಚ್ಚು ಹಾಕಿಸಿದ ಕಾಕೇಬೊದಿಂದ ಈ ಅಭ್ಯಾಸ ಮನೆಮನೆಗೆ ಹರಡಿತು. ನನ್ನ ಸಹೋದ್ಯೋಗಿಯ ಪುಸ್ತಕದಲ್ಲಿ 'ಊಟ' ಒಂದು ಸಾಲು, 'ಕೊಂಬಿನಿ' ಬೇರೆಯೇ ಸಾಲು. ಎರಡೂ ಊಟವೇ ಅಲ್ವಾ ಅಂದೆ. "ಊಟ ಅಂತ ಬರೆದರೆ ತಪ್ಪು ಮಾಡಿದ ಹಾಗೆ ಅನ್ನಿಸುವುದೇ ಇಲ್ಲ" ಅಂದಳು. ಆ ತಿಂಗಳು ನಾನೂ ಬೇರೆ ಮಾಡಿ ಬರೆದೆ. ಕೊಂಬಿನಿಗೇ 14 ಸಾವಿರ ಹೋಗಿತ್ತು, ಒಂದೊಂದೇ ಕಾಫಿ, ಒಂದೊಂದೇ ಒನಿಗಿರಿ ಅನ್ನುವ ಅನ್ನದ ಉಂಡೆಯಾಗಿ.

ಈಗ ಮನಿ ಫಾರ್ವರ್ಡ್, ಝೈಮ್ ಥರದ ಆ್ಯಪ್‌ಗಳು ಬ್ಯಾಂಕು, ಕಾರ್ಡಿನ ಲೆಕ್ಕವನ್ನು ತಾವೇ ಎಳೆದುಕೊಳ್ಳುತ್ತವೆ. ಯಾವುದಾದರೂ ಹಾಕಿಕೋ. ಆದರೆ ಕಳೆದುಹೋದ ಖರ್ಚನ್ನಷ್ಟೇ ಅವು ಸರಿಯಾಗಿ ತೋರಿಸುತ್ತವೆ. ಮುಂದೆ ಬರುವುದನ್ನು ನೀನೇ ಬರೆದಿಡಬೇಕು.

ಮುಖ್ಯವಾಗಿ ಜೂನ್. ಈಗ ನಿನ್ನ ಸಂಬಳದ ಚೀಟಿಯಲ್ಲಿ ಜೂಮಿನ್‌ಜೇ ಅನ್ನುವ ಜಾಗ ಖಾಲಿ ಇದೆ ನೋಡು. ಅದು ನಗರಪಾಲಿಕೆ ತೆರಿಗೆ. ಹೋದ ವರ್ಷದ ಆದಾಯದಲ್ಲಿ ಕಡಿತಗಳೆಲ್ಲ ಕಳೆದು ಉಳಿದದ್ದಕ್ಕೆ ಸುಮಾರು 10%. ಹೊಸಬರಿಗೆ ಹೋದ ವರ್ಷ ಇಲ್ಲಿ ಆದಾಯವೇ ಇರುವುದಿಲ್ಲ, ಹಾಗಾಗಿ ಮೊದಲಿಗೆ ಇದೂ ಇಲ್ಲ. ಮುಂದಿನ ಜೂನ್‌ನಿಂದ ಹಿಡಿಯಲು ಶುರು. ಪೂರ್ತಿ ವರ್ಷದ ಗಳಿಕೆಯ ಲೆಕ್ಕಕ್ಕೆ ಬಂದಾಗ ನಿನ್ನ ಸಂಬಳಕ್ಕೆ ತಿಂಗಳಿಗೆ 12 ಸಾವಿರದಷ್ಟಾಗುತ್ತದೆ. ಸಂಬಳ ಕಡಿಮೆ ಮಾಡಿದರು ಅಂತ ಮ್ಯಾನೇಜರ್ ಹತ್ತಿರ ಹೋಗಿ ನಿಂತವರನ್ನು ನಾನು ನೋಡಿದ್ದೇನೆ. ಈಗಿನಿಂದಲೇ ಆ 12 ಸಾವಿರ ಇಲ್ಲ ಅಂದುಕೊಂಡು ಬದುಕು. ಬಾಡಿಗೆ ಕರಾರನ್ನೂ ತೆಗೆದು ನೋಡು. ಎರಡು ವರ್ಷಕ್ಕೊಮ್ಮೆ ನವೀಕರಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಕೇಳುವುದು ಟೋಕಿಯೋದಲ್ಲಿ ಮಾಮೂಲು.

ಇನ್ನು ನೀಸಾ. ಯೋಜನೆ ಚೆನ್ನಾಗಿಯೇ ಇದೆ. 2024ರ ಜನವರಿಯಿಂದ ವರ್ಷಕ್ಕೆ 36 ಲಕ್ಷ ಯೆನ್‌ವರೆಗೆ, ಜೀವಮಾನಕ್ಕೆ 1 ಕೋಟಿ 80 ಲಕ್ಷದವರೆಗೆ ಹಾಕಬಹುದು. ಮಾಮೂಲಿ ಖಾತೆಯಲ್ಲಿ ಲಾಭದ ಮೇಲೆ 20.315% ಹೋಗುತ್ತದೆ, ಇದರಲ್ಲಿ ಏನೂ ಇಲ್ಲ. ನಿನ್ನ ಪಕ್ಕದವನು 'ಓರುಕಾನ್, ಓರುಕಾನ್' ಅನ್ನುತ್ತಿರಬೇಕು. ಅದು ಇಡೀ ಪ್ರಪಂಚದ ಷೇರುಗಳನ್ನು ಕೊಳ್ಳುವ ಇಂಡೆಕ್ಸ್ ಫಂಡ್‌ಗೆ ಇಲ್ಲಿನವರು ಇಟ್ಟ ಅಡ್ಡಹೆಸರು. ಆದರೆ ಜಪಾನ್ ಬಿಟ್ಟು ಹೋಗುವಾಗ ಸಾಮಾನ್ಯವಾಗಿ ಮಾರಿ ಖಾತೆ ಮುಚ್ಚಬೇಕು, ಅವತ್ತು ಮಾರ್ಕೆಟ್ ಬಿದ್ದಿದ್ದರೂ ಸರಿ. ಹಾಗಾಗಿ ಮೊದಲು ಆರು ತಿಂಗಳ ಖರ್ಚಿನಷ್ಟು ಬ್ಯಾಂಕಿನಲ್ಲಿ ಇಡು. ಆಮೇಲೆ ಬೇಕಾದರೆ ಹತ್ತು ಸಾವಿರದಿಂದ ಶುರು ಮಾಡು. ಇದೆಕೊ ಅನ್ನುವ ಪಿಂಚಣಿ ಹೂಡಿಕೆ ಮಾತ್ರ ಈಗ ಬೇಡ. ಹಾಕಿದ ದುಡ್ಡು 60 ವರ್ಷದವರೆಗೆ ಕೈಗೆ ಸಿಗುವುದಿಲ್ಲ.

ನಿನಗೆ ಗೊತ್ತಿಲ್ಲದೆ ಈಗಾಗಲೇ ಒಂದು ಉಳಿತಾಯ ನಡೆಯುತ್ತಿದೆ. ಚೀಟಿಯಲ್ಲಿ ಕೋಸೇ ನೆನ್‌ಕಿನ್ ಅಂತ 27 ಸಾವಿರ ಚಿಲ್ಲರೆ ಹಿಡಿದಿದ್ದಾರೆ, ಅದು ಪಿಂಚಣಿ. ಕಂಪನಿಯೂ ಅಷ್ಟೇ ಹಾಕುತ್ತದೆ. ಹತ್ತು ವರ್ಷ ತುಂಬುವ ಮೊದಲೇ ದೇಶ ಬಿಟ್ಟರೆ, ಎರಡು ವರ್ಷದೊಳಗೆ ಅರ್ಜಿ ಹಾಕಿ ಒಂದು ಭಾಗ ವಾಪಸ್ ತಗೋಬಹುದು. ಜಾಸ್ತಿ ಅಂದರೆ ಐದು ವರ್ಷದ ಲೆಕ್ಕಕ್ಕೆ ಸಿಗುತ್ತದೆ. 2016ರ ಅಕ್ಟೋಬರ್‌ನಿಂದ ಭಾರತದ ಜೊತೆ ಒಪ್ಪಂದವೂ ಇದೆ, ಎರಡೂ ಕಡೆ ದುಡಿದ ವರ್ಷಗಳನ್ನು ಸೇರಿಸಿಕೊಳ್ಳಬಹುದು. ಆದರೆ ದುಡ್ಡು ವಾಪಸ್ ತಗೊಂಡರೆ ಇಲ್ಲಿನ ಆ ವರ್ಷಗಳು ಲೆಕ್ಕದಿಂದ ಹೋದ ಹಾಗೇ.

ಊರಿಗೆ ಕಳಿಸುವುದರಲ್ಲಿ ನಾನು ಮಾಡಿದ ಎಡವಟ್ಟನ್ನು ನೀನು ಮಾಡಬೇಡ. ತಂದೆ ತಾಯಿಯನ್ನು ಅವಲಂಬಿತರು ಅಂತ ತೋರಿಸಿದರೆ ತೆರಿಗೆ ಕಡಿಮೆಯಾಗುತ್ತದೆ. 2023ರಿಂದ, 30ರಿಂದ 69 ವಯಸ್ಸಿನವರು ವಿದೇಶದಲ್ಲಿದ್ದರೆ ಒಬ್ಬೊಬ್ಬರಿಗೂ ವರ್ಷಕ್ಕೆ ಕನಿಷ್ಠ 3 ಲಕ್ಷ 80 ಸಾವಿರ ಯೆನ್ ಕಳಿಸಿದ ದಾಖಲೆ ಕೊಡಬೇಕು. ನಾನು ಎಂಟು ಲಕ್ಷವನ್ನೂ ಅಪ್ಪನ ಖಾತೆಗೇ ಹಾಕಿದ್ದೆ. ಅಮ್ಮನ ಲೆಕ್ಕ ಸೊನ್ನೆ. "ನನಗೇನೂ ಕಳಿಸಿಲ್ಲ ಅಂತ ಜಪಾನ್ ಸರ್ಕಾರವೇ ಹೇಳಿತಲ್ಲ" ಅಂತ ಅಮ್ಮ ಈಗಲೂ ಆಡಿಕೊಳ್ಳುತ್ತಾರೆ. ಇಬ್ಬರಿಗೂ ಬೇರೆ ಬೇರೆ ಖಾತೆಗೆ ಕಳಿಸು, ರಸೀದಿ ಇಟ್ಟುಕೋ.

ಐದು ವರ್ಷ ದಾಟಿದರೆ ಊರಿನ ಎಫ್‌ಡಿ ಬಡ್ಡಿಯನ್ನೂ ಇಲ್ಲಿನ ತೆರಿಗೆಗೆ ತೋರಿಸಬೇಕು. ಎನ್‌ಆರ್‌ಇ ಖಾತೆಯ (ಹೊರದೇಶದ ಗಳಿಕೆ ಇಡುವ ಊರಿನ ಬ್ಯಾಂಕ್ ಖಾತೆ) ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ನಿನಗೆ ಅದಕ್ಕಿನ್ನೂ ಟೈಮ್ ಇದೆ.

ಸದ್ಯಕ್ಕೆ ಈ 25ಕ್ಕೆ ಬರುವ ಸಂಬಳದ ಚೀಟಿ ತಗೊಂಡು ಭಾನುವಾರ ನಿಶಿ-ಕಸಾಯ್ ಕಡೆ ಬಾ. ಅದರಲ್ಲಿನ ಕಾಂಜಿ, ಅಂದರೆ ಜಪಾನಿ ಚಿತ್ರಲಿಪಿ, ನಾನು ಓದಿ ಹೇಳುತ್ತೇನೆ. ಕೊಂಬಿನಿ ರಸೀದಿಗಳನ್ನೂ ಎಸೆಯದೆ ತಾ.