ನಾಮಕರಣಕ್ಕೆ ಮುಹೂರ್ತ, ಲಸಿಕೆಗೆ ‘ನೋಡೋಣ’

ದಾವಣಗೆರೆಯ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ಮೊಮ್ಮಗನಿಗೆ ಒಂದೂವರೆ ತಿಂಗಳು. ಒಂದೇ ದಿನ ಮೂರು ಸೂಜಿ, ಮೇಲೆ ಎರಡು ಬಗೆಯ ಹನಿ ಅಂತೆ. ವರ್ಷ ತುಂಬಲಿ, ಮೈ ಗಟ್ಟಿಯಾಗಲಿ ಎಂದರೆ ಮಗಳು ಸಿಡುಕುತ್ತಾಳೆ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಸ್ವಾಮಿ?’

ಯಜಮಾನರೆ, ನಿಮ್ಮ ಸಂಕಟ ಅರ್ಥವಾಗುತ್ತದೆ. ಚುಚ್ಚಿದ ತೊಡೆ ಊದುತ್ತದೆ, ರಾತ್ರಿ ಮೈ ಬಿಸಿಯಾಗುತ್ತದೆ, ಮನೆಮಂದಿಗೆಲ್ಲ ಜಾಗರಣೆ. ಒಂದೆರಡು ದಿನದ ಆ ಫಜೀತಿ ನಿಜ. ಉಳಿದಂತೆ ನಾನು ನಿಮ್ಮ ಮಗಳ ಕಡೆ.

ನಾಯಿಕೆಮ್ಮು ಜೀವ ತೆಗೆಯುವುದು ಹೆಚ್ಚಾಗಿ ಎಳೆಗೂಸುಗಳದ್ದೇ. ಕೆಮ್ಮಲೂ ಶಕ್ತಿಯಿಲ್ಲದೆ ಉಸಿರು ಕಟ್ಟಿ ನೀಲಿಗಟ್ಟುವ ಕೂಸಿನ ಮೈ ಗಟ್ಟಿಯಾಗುವುದು ಯಾವಾಗ? ಅದಕ್ಕೇ ನಾಯಿಕೆಮ್ಮೂ ಸೇರಿ ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ 6, 10, 14ನೇ ವಾರಕ್ಕೆ. ದಡಾರದ್ದು ಬೇರೆ ಲೆಕ್ಕ. ತಾಯಿಯಿಂದ ಬಂದ ರಕ್ಷಣೆ ಕೆಲವು ತಿಂಗಳು ಮಗುವಿನ ರಕ್ತದಲ್ಲಿದ್ದು ಲಸಿಕೆಯನ್ನೂ ಸರಿಯಾಗಿ ಕೆಲಸ ಮಾಡಗೊಡುವುದಿಲ್ಲ. ಅದು ಇಳಿದ ಮೇಲೆ, 9 ತಿಂಗಳು ತುಂಬಿದಾಗ ಮೊದಲನೆಯದು. 16ರಿಂದ 24 ತಿಂಗಳೊಳಗೆ ಎರಡನೆಯದು. ನಿಮ್ಮ ಮಾತಿನಂತೆ ವರ್ಷ ಕಳೆದು ಹೋದರೆ ಸರ್ಕಾರಿ ಆಸ್ಪತ್ರೆಯಲ್ಲಿ ಭೇದಿ ತಡೆಯುವ ರೋಟಾ ಹನಿ ಶುರುವೇ ಮಾಡುವುದಿಲ್ಲ.

ಇನ್ನು ‘ನಮ್ಮ ಕಾಲ’. ನಿಮ್ಮ ತೋಳು ನೋಡಿಕೊಳ್ಳಿ, ಸಿಡುಬಿನ ದಾಕು ಹಾಕಿಸಿದ ಗುರುತು ಇದ್ದೀತು! ಮೈಸೂರು ಅರಮನೆ ಇನ್ನೂ ಮುಂದಿತ್ತು. 1805ರ ಸುಮಾರಿಗೆ ಐರಿಷ್ ಚಿತ್ರಕಾರ ಥಾಮಸ್ ಹಿಕಿ ಬರೆದದ್ದೆನ್ನುವ ಚಿತ್ರವೊಂದರಲ್ಲಿ ರಾಣಿಯೊಬ್ಬಳು ಸೆರಗು ತುಸು ಸರಿಸಿ ತೋಳು ತೋರಿಸುತ್ತಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎನ್ನುತ್ತಾರೆ ಇತಿಹಾಸ ಬಲ್ಲವರು. ಇನ್ನೂರು ವರ್ಷ ಕಳೆದು, 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನ ಬಂದಾಗ ವಾಟ್ಸಾಪ್ ಸಂದೇಶ ನಂಬಿ ಹಿಂಜರಿದವರು ಇದೇ ಕರ್ನಾಟಕದವರು, ಓದು ಬರಹ ಬಲ್ಲವರು!

ತೊಟ್ಟಿಲಿಗೆ ಹಾಕಲು ಪಂಚಾಂಗ ಬೇಕು, ನಾಮಕರಣದ ಗಳಿಗೆ ತಪ್ಪಬಾರದು. ತಾಯಿ ಕಾರ್ಡಿನಲ್ಲಿ ಸಿಸ್ಟರ್ ಬರೆದುಕೊಟ್ಟ ತಾರೀಕಿಗೆ ಮಾತ್ರ ‘ನೋಡೋಣ’. ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರೆ ‘ಮಗು ಮಲಗಿದೆ, ಮುಂದಿನ ವಾರ ಬಾಮ್ಮ’. ದಡಾರದ ಲಸಿಕೆಯ ಪುಡಿಯನ್ನು ದ್ರವದಲ್ಲಿ ಬೆರೆಸಿದ ಮೇಲೆ ಆಯುಷ್ಯ ನಾಲ್ಕೇ ಗಂಟೆ; ಬರುತ್ತೇವೆಂದು ಬಾರದವರ ಪಾಲೂ ಕಸಕ್ಕೆ ಹೋಗುತ್ತದೆ. ಬಿಸಿಲಲ್ಲಿ ಮನೆಮನೆ ಸುತ್ತುವ ಆಕೆ ಗೌರವಧನ ಕೇಳಿ ಬೀದಿಗಿಳಿದರೆ, ರಸ್ತೆ ಜಾಮ್ ಆಯಿತೆಂದು ಬೈಯುವವರೂ ನಾವೇ.

ಮಗುವಿಗೆ ಜೋರು ಜ್ವರವೇನಾದರೂ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಇಲ್ಲವಾದರೆ ಈ ಗುರುವಾರ ಮೊಮ್ಮಗನನ್ನು ನೀವೇ ಎತ್ತಿಕೊಂಡು ಹೋಗಿ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ; ಬೇಕಾದರೆ ನಮ್ಮ ಪತ್ರಿಕೆ ಜೊತೆಗಿರಲಿ.